ಬದನೆಗಿಡದ ಮಿಸ್ಡ್ ಕಾಲ್

ಒಂದಾನೊಂದು ಊರಿನಲ್ಲಿ, ಆ ಊರು ಎಲ್ಲಿದೆ ಅಂತ ಕೇಳಿದರೆ ಕತೆ ನಿಲ್ಲಿಸಿ ಎದ್ದು ಹೋಗುತ್ತೇನೆ, ನೀಲಗಂಗವ್ವ ಅಂತ ಒಬ್ಬಳಿದ್ದಳು. ಅವಳಿಗೊಂದು ಬದನೆ ತೋಟ, ಒಂದು ಬಾವಿ, ಬಾವಿಗೊಂದು ಮೋಟಾರು. ಬಾವಿಯಲ್ಲಿ ನೀರು ಕಮ್ಮಿ. ಸುಮ್ಮನೆ ಸುರಿದರೆ ತಳ ಕಾಣುತ್ತಿತ್ತು. ಅದಕ್ಕೆ ಅವಳು ಪ್ರತಿ ಗಿಡದ ಬುಡದಲ್ಲೂ ಒಂದೊಂದು ಸೆನ್ಸರ್ ನೆಟ್ಟಳು. ಮಣ್ಣು ಒಣಗಿದರೆ ಗಿಡ ಮೋಟಾರಿಗೆ ಮಿಸ್ಡ್ ಕಾಲ್ ಕೊಡಬೇಕು. ಮೋಟಾರು ಫೋನ್ ಎತ್ತದೆ, ಆ ಗಿಡಕ್ಕಷ್ಟೇ ಒಂದು ಚೊಂಬು ನೀರು ಬಿಡಬೇಕು. ಗಿಡಗಳು ಕೊಟ್ಟವು, ಮೋಟಾರು ಬಿಟ್ಟಿತು. ಬಾವಿಯಲ್ಲಿ ನೀರು ಉಳಿಯಿತು.

ಆ ಊರಿನ ದೊರೆಗೆ ಎಣ್ಣೆಗಾಯಿ ಅಂದರೆ ಪ್ರಾಣ. ಮರ್ಯಾದೆ ಅಂದರೆ ಇನ್ನೂ ಪ್ರಾಣ. ತೋಟದ ಸುದ್ದಿ ಕೇಳಿ ಅವನ ಮುಖ ಕೆಂಪಗಾಯಿತು.

“ನನ್ನ ರಾಜ್ಯದಾಗ ಬದನಿಗಿಡ ಫೋನ್ ಮಾಡಿದ್ರ ಯಾರೂ ಎತ್ತೂದಿಲ್ಲಂದ್ರ ಏನು? ಇನ್ಮ್ಯಾಗ ಯಾರ ಫೋನ್ ಬಂದ್ರೂ ಎತ್ತಬೇಕು. ಎತ್ತಿದವರು ಮೊದಲು ಇಡಂಗಿಲ್ಲ.”

ಡಂಗುರ ಸಾರಿದ್ದಾಯಿತು. ಮರುದಿನ ಗಿಡ ಫೋನ್ ಮಾಡಿತು. ಮೋಟಾರು ಎತ್ತಿತು.

“ಯಾರ್ರಿ?”

“ನಾನ್ರಿ, ಬೇಲಿ ಕಡೆ ಬದನಿಗಿಡ. ನೀವು ಎತ್ತಿಬಿಟ್ರಲ್ಲ.”

“ಎತ್ತಬೇಕಂತ. ಆರಾಮಿದ್ದೀರೇನು?”

“ಎಲ್ಲಿ ಆರಾಮ್ರಿ. ಎಲಿ ಮ್ಯಾಲ ಹುಳ, ಬುಡದಾಗ ಇರಿವಿ...”

ಮಾತು ಶುರುವಾದ ಮೇಲೆ ಮೋಟಾರು ತಿರುಗುವುದು ಹೇಗೆ? ತಿರುಗಿದರೆ ಆ ಸದ್ದಿಗೆ ಮಾತು ಕೇಳಿಸುವುದಿಲ್ಲ. ಮೋಟಾರಿನ ಮನಸ್ಸು ಬಲು ಮೆತ್ತಗೆ. ಅದು ಎಲ್ಲ ಗಿಡಗಳ ಕಷ್ಟ ಕೇಳಿತು, ಅಯ್ಯೋ ಪಾಪ ಅಂದಿತು, ಅತ್ತಿತು. ನೀರು ಮಾತ್ರ ಬಿಡಲಿಲ್ಲ. ಗಿಡಗಳು ಬಾಡಿದವು, ಬಿಟ್ಟಿದ್ದ ಹೂವೂ ಉದುರಿತು. ಅದನ್ನು ನೋಡಿ ನೀಲಗಂಗವ್ವ ಗಿಡಗಳ ಹತ್ತಿರ ಓಡಿ ಬಂದಳು.

“ಮೋಟಾರಿಗೆ ಬ್ಯಾಡ, ದೊರಿಗೇ ಫೋನ್ ಹಚ್ಚರಿ,” ಅಂತ ಗಿಡಗಳಿಗೆ ನಂಬರ್ ಕೊಟ್ಟಳು.

ದೊರೆ ಆಗ ತಾನೇ ರೊಟ್ಟಿ ಮುರಿದು ಎಣ್ಣೆಗಾಯಿಗೆ ಅದ್ದಿದ್ದ. ಫೋನ್ ಬಂತು. ತನ್ನದೇ ಆಜ್ಞೆ, ಎತ್ತಿದ. ಬಾಯಲ್ಲಿ ರೊಟ್ಟಿ ಇಟ್ಟುಕೊಂಡು ಮಾತಾಡಿದರೆ ಮರ್ಯಾದೆಯಲ್ಲ, ತುತ್ತು ಕೈಯಲ್ಲೇ ನಿಂತಿತು. ಒಂದು ಗಿಡ ಫೋನ್ ಇಟ್ಟರೆ ಇನ್ನೊಂದು ಗಿಡ. ಅದು ಇಟ್ಟರೆ ಮತ್ತೊಂದು. ರೊಟ್ಟಿ ಒಣಗಿತು, ಎಣ್ಣೆಗಾಯಿ ಆರಿತು, ದೊರೆಯ ಹೊಟ್ಟೆ ಗುರುಗುಟ್ಟಿತು. ಸಂಜೆಗೆ ಬೇಲಿ ಕಡೆಯ ಗಿಡದ ಸರದಿ ಬಂತು.

“ಊಟ ಆತೇನ್ರಿ ದೊರಿ?”

“ಇಲ್ಲವ್ವ,” ಅಂದ ದೊರೆ. ದನಿ ಸಣ್ಣಗಾಗಿತ್ತು.

“ನಮ್ದೂ ಇಲ್ರಿ.”

ದೊರೆ ಕೈಯಲ್ಲಿದ್ದ ಒಣ ತುತ್ತನ್ನು ತಟ್ಟೆಯಲ್ಲಿಟ್ಟ. ಆಮೇಲೆ ಆಜ್ಞೆ ವಾಪಸು ತಗೊಂಡ. ತೋಟದಲ್ಲಿ ಫೋನ್ ರಿಂಗಾಯಿತು, ಯಾರೂ ಎತ್ತಲಿಲ್ಲ, ನೀರು ಹರಿಯಿತು.

ಇದರ ನೀತಿ ಏನಂದರೆ, ಬಾಯಾರಿದವರ ಫೋನ್ ಎತ್ತಬಾರದು. ನೋಡಿ, ನನ್ನದೂ ಈಗ ರಿಂಗಾಗುತ್ತಿದೆ. ನಾನು ಎತ್ತುವುದಿಲ್ಲ. ಆ ಚೊಂಬು ಇತ್ತ ಕೊಡಿ, ನೀರು ಕೊಟ್ಟು ಬರುತ್ತೇನೆ.