ಅಜ್ಜಾರ ಧೋತರ

ತನ್ನ ಧೋತರ ತಾನೇ ಒಗೆದುಕೊಳ್ಳುವ ಗುರುವನ್ನು ಎಲೀಷ ಕಂಡದ್ದು ಅದೇ ಮೊದಲು.

ವರದಾ ಹೊಳೆಯ ದಂಡೆಯ ಮೇಲೊಂದು ಕ್ರೈಸ್ತ ಆಶ್ರಮ. ನಾಲ್ಕು ಗುಡಿಸಲು, ಒಂದು ಪ್ರಾರ್ಥನೆಯ ಚಪ್ಪರ, ಬೇವಿನ ಮರದ ಕೆಳಗೆ ರೋಗಿಗಳ ಕೋಣೆ. ಅಷ್ಟೇ. ಅಲ್ಲಿಯ ಗುರು ಸಮುವೇಲಪ್ಪನವರಿಗೆ ಎಪ್ಪತ್ತೆಂಟು ವರ್ಷ. ಅವರನ್ನು ಹೆಸರು ಹಿಡಿದು ಕರೆದದ್ದನ್ನು ಯಾರೂ ಕೇಳಿಲ್ಲ. ಎಲ್ಲರ ಬಾಯಲ್ಲೂ ಅವರು ಅಜ್ಜಾರು.

ನಸುಕಿನಲ್ಲಿ ಎದ್ದು ಅಜ್ಜಾರು ಧೋತರ ಹಿಡಿದು ಹೊಳೆಗೆ ಇಳಿಯುವರು. ಮೊಣಕಾಲು ನೋವು ಬೇರೆ. ಮೆಟ್ಟಿಲಿಗೊಮ್ಮೆ “ಯೇಸಪ್ಪಾ” ಅನ್ನುವರು. ಒಗೆದು, ಹಿಂಡಿ, ಒಣಹಾಕಿ ಬಂದು ಅಂಗಳ ಗುಡಿಸುವರು. ಆಮೇಲೆ ಪ್ರಾರ್ಥನೆ.

ನೋಡಿ ನೋಡಿ ಎಲೀಷನ ಕರುಳು ಚುರ್ ಅನ್ನುತ್ತಿತ್ತು. ಎಂಥಾ ದೊಡ್ಡ ಜೀವ! ಇಂಥವರ ಕೈಗೆ ಕಸಬರಿಗೆಯೇ?

ಎಲೀಷ ಬೆಟಗೇರಿಯವನು. ವಯಸ್ಸು ಇಪ್ಪತ್ತಾರು. ಬೈಬಲ್ ಪಾಠದಲ್ಲಿ ಎಲ್ಲರಿಗಿಂತ ಮುಂದು, ಹಾಡಿಗೆ ನಿಂತರೆ ಚಪ್ಪರವೇ ತೂಗಬೇಕು. ಆಶ್ರಮಕ್ಕೆ ಬಂದು ವರ್ಷ ತುಂಬುತ್ತ ಬಂದಿತ್ತು. ವರ್ಷ ತುಂಬಿದ ಭಾನುವಾರ ದೀಕ್ಷೆ. ಅಜ್ಜಾರು ಹೆಗಲಿಗೆ ಬಿಳಿ ಶಲ್ಯ ಹೊದಿಸಿದರೆ ಅವನು ಆಶ್ರಮದವನು. ಹೊದಿಸದಿದ್ದರೆ ಗಂಟು ಕಟ್ಟಿಕೊಂಡು ಊರಿನ ಬಸ್ಸು ಹತ್ತಬೇಕು. ಆ ಶಲ್ಯ ಬಿಟ್ಟರೆ ಅವನಿಗೆ ಈ ಲೋಕದಲ್ಲಿ ಬೇರೆ ಆಸೆ ಇರಲಿಲ್ಲ.

ಅವನಿಗೆ ವಹಿಸಿದ್ದು ಒಂದೇ ಕೆಲಸ. ರೋಗಿಗಳ ಕೋಣೆಯಲ್ಲಿ ಐದು ಜನ ಮುದುಕರಿದ್ದರು. ಬೆಳಕು ಹರಿಯುವುದರೊಳಗೆ ಬಿಸಿನೀರು ಕಾಯಿಸಿ ಅವರ ಮೈ ಒರೆಸಬೇಕು, ಹಾಸಿಗೆ ಬದಲಿಸಬೇಕು.

ಆ ಐವರಲ್ಲಿ ಚನ್ನವ್ವನೂ ಒಬ್ಬಳು. ಕುಷ್ಠರೋಗ ವಾಸಿಯಾಗಿ ಮೂವತ್ತು ವರ್ಷ ಆಗಿತ್ತು, ಆದರೆ ಹೋದ ಬೆರಳು ತಿರುಗಿ ಬರುತ್ತವೆಯೇ? ಈಗ ಸೊಂಟವೂ ಬಿದ್ದು ಎಲ್ಲ ಮಲಗಿದಲ್ಲಿಯೇ.

ದೀಕ್ಷೆಗೆ ಇನ್ನು ಹತ್ತು ದಿನ ಇದೆ ಅನ್ನುವಾಗ ಎಲೀಷನ ತಲೆಯಲ್ಲಿ ಒಂದು ವಿಚಾರ ಹೊಕ್ಕಿತು. ಗುರುಸೇವೆ! ಗುರುವಿನ ಸೇವೆ ಮಾಡದವನು ಎಂಥಾ ಶಿಷ್ಯ?

ಮರುದಿನ ಅಜ್ಜಾರು ಏಳುವುದರೊಳಗೆ ಅವರ ಧೋತರ ತಂತಿಯ ಮೇಲಿತ್ತು. ಅಂಗಳ ಕನ್ನಡಿಯಂತೆ ಹೊಳೆಯುತ್ತಿತ್ತು. ಕೊಡ ತುಂಬಿತ್ತು.

“ನನ್ನ ಧೋತರ ಯಾರು ಒಗದ್ರು?” ಅಂದರು ಅಜ್ಜಾರು.

“ನಾನ್ರೀ ಅಜ್ಜಾರ.”

“ಯಾಕಪಾ?”

“ನಿಮ್ಮೊಳಗ ನಾ ಕ್ರಿಸ್ತನ್ನ ಕಂಡೀನ್ರಿ. ನಿಮ್ಮ ಸೇವಾ ಮಾಡಿದ್ರ ಅವನ ಸೇವಾ ಮಾಡಿಧಂಗ.”

ಅಜ್ಜಾರು ಗಡ್ಡ ಕೆರೆದುಕೊಂಡರು. “ಹಂಗಾರ ಮುಂಜಾನಿ ನನಗ ಕೆಲಸನ ಇಲ್ಲದಂಗ ಆತಲ್ಲೋ.”

“ನೀವು ಆರಾಮ ಕುಂದರ್ರಿ.”

“ಆರಾಮ ಕುಂದರೂದು ನನಗ ಬರೂದಿಲ್ಲ ತಮ್ಮಾ,” ಅಂದವರೇ ಅಜ್ಜಾರು ಒಳಗೆ ಹೋದರು.

ಅವರು ಬೇಡ ಅನ್ನಲಿಲ್ಲ. ಎಲೀಷ ಅದನ್ನೇ ಆಶೀರ್ವಾದ ಅಂದುಕೊಂಡ. ಅಂದಿನಿಂದ ಅವನದೇ ಕಾರುಬಾರು. ಧೋತರಕ್ಕೆ ನೀಲಿ ಹಾಕಿದ. ಅಜ್ಜಾರ ಚಪ್ಪಲಿ ಒರೆಸಿದ. ಬಂದ ಹೋದವರೆಲ್ಲ, “ಶಿಷ್ಯ ಅಂದ್ರ ಹಿಂಗಿರಬೇಕು ನೋಡ್ರಿ” ಅನ್ನುವಾಗ ಅವನ ಎದೆ ಉಬ್ಬುತ್ತಿತ್ತು.

ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ರೋಗಿಗಳ ಕೋಣೆಗೆ ಅವನು ಕಾಲಿಡುವ ಹೊತ್ತಿಗೆ ಬಿಸಿಲು ಏರಿರುತ್ತಿತ್ತು. ಮೈ ಒರೆಸುವುದು ಒಂದು ಕೈ ಆಡಿಸಿದ ಶಾಸ್ತ್ರ. ಹಾಸಿಗೆ ದಿನ ಬಿಟ್ಟು ದಿನ. ಮುದುಕರು ಒಬ್ಬರೂ ತುಟಿ ಬಿಚ್ಚಲಿಲ್ಲ.

ಶುಕ್ರವಾರ ಬೆಳಗ್ಗೆ ಎಲ್ಲ ಗುರುಸೇವೆ ಮುಗಿಸಿ ಎಲೀಷ ನೋಡುತ್ತಾನೆ, ಅಜ್ಜಾರೇ ಇಲ್ಲ. ಚಪ್ಪರದಲ್ಲಿಲ್ಲ, ಹೊಳೆಯ ಹತ್ತಿರ ಇಲ್ಲ. ರೋಗಿಗಳ ಕೋಣೆಯ ಬಾಗಿಲಿಗೆ ಬಂದು ಒಳಗೆ ಇಣುಕಿದ.

ಅಜ್ಜಾರು ಆ ಕೆಟ್ಟ ಮೊಣಕಾಲನ್ನೇ ನೆಲಕ್ಕೆ ಊರಿ ಕುಳಿತಿದ್ದರು. ಚನ್ನವ್ವನ ಮೈಗೆ ಹತ್ತಿದ್ದನ್ನೆಲ್ಲ ಬಿಸಿನೀರಿನ ಅರಿವೆಯಿಂದ ಒರೆಸುತ್ತಿದ್ದರು. ಪಕ್ಕದಲ್ಲಿ ಹೊಲಸಾದ ಚಾದರದ ಮುದ್ದೆ.

ಚನ್ನವ್ವ ಮೋಟು ಕೈಗಳಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. “ನೀವು ಮುಟ್ಟಬ್ಯಾಡ್ರೀ ಅಜ್ಜಾರ. ನನಗ ಸತ್ತು ಹೋಗೂವಂಗ ಆಗತೈತಿ.”

“ಸುಮ್ನಿರ ಚನ್ನವ್ವಾ. ನನ್ನ ಹೆಂಡತಿ ಆರು ತಿಂಗಳ ಹಾಸಿಗಿ ಹಿಡದಾಗ ಕಲ್ತ ವಿದ್ಯಾ ಇದು. ಕೈ ಇನ್ನೂ ಮರ್ತಿಲ್ಲ ನೋಡು.”

“ಬಿಡ್ರೀ ಅಜ್ಜಾರ!” ಎಲೀಷ ಓಡಿ ಬಂದ. “ಬಿಡ್ರಿ, ಅದು ನನ್ನ ಕೆಲಸ!”

“ಹೌದೇನು?” ಅಜ್ಜಾರು ತಲೆ ಎತ್ತಲಿಲ್ಲ. “ನೀ ನನ್ನ ಕೆಲಸಕ್ಕ ಹೋಗಿದ್ದಿ. ಇಲ್ಲೆ ಜಾಗಾ ಖಾಲಿ ಇತ್ತು. ನಾ ಬಂದೆ.”

ಎಲೀಷನ ಮುಖ ಇಷ್ಟೇ ಇಷ್ಟಾಯಿತು. ಅರಿವೆ ಇಸಿದುಕೊಳ್ಳಲು ಕೈ ಚಾಚಿದ. ಅಜ್ಜಾರು ಕೊಡಲಿಲ್ಲ. ಹೊಸ ಚಾದರ ಹಾಸಿ, ಚನ್ನವ್ವನ ತಲೆಯ ಕೆಳಗೆ ದಿಂಬು ಸರಿಮಾಡಿ, ಹೊಲಸು ಮುದ್ದೆ ಎತ್ತಿಕೊಂಡು ಹೊಳೆಗೆ ನಡೆದರು. ಎಲೀಷ ಹಿಂದೆ ಹಿಂದೆ ಹೋದ.

ಕಲ್ಲಿನ ಮೇಲೆ ಚಾದರ ಕುಕ್ಕುತ್ತಿದ್ದ ಗುರುವಿನ ಮುಂದೆ ಅವನು ಕುಕ್ಕರುಗಾಲಿನಲ್ಲಿ ಕುಳಿತ.

“ಗುರುಸೇವಾ ತಪ್ಪೇನ್ರೀ ಅಜ್ಜಾರ?”

“ತಪ್ಪಲ್ಲ.”

“ನಿಮ್ಮೊಳಗ ಕ್ರಿಸ್ತ ಇಲ್ಲೇನ್ರಿ?”

“ಇರಬೇಕು. ಇದ್ರ ಅವನಿಗೆ ಎರಡು ಕೈ ಅದಾವು. ಧೋತರ ಒಗ್ಯಾಕ ಬರತೈತಿ.” ಅಜ್ಜಾರು ಚಾದರ ಹಿಂಡಿದರು. “ಚನ್ನವ್ವನೊಳಗ ಇರೂ ಕ್ರಿಸ್ತಗ ಬೆರಳಿಲ್ಲ.”

ಧೋತರ ಒಗೆದರೆ ನೋಡುವವರು ಇದ್ದರು, ಹೊಗಳುವವರು ಇದ್ದರು. ಚನ್ನವ್ವನ ಹಾಸಿಗೆ ಒಗೆದರೆ ಯಾರು ನೋಡಬೇಕು? ಇದು ಈಗ ಅವನಿಗೆ ಹೊಳೆಯಿತು, ಹೊಳೆದು ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು.

“ಭಾನುವಾರ ಶಲ್ಯ...” ಅಂದ ಮೆಲ್ಲಗೆ.

“ಭಾನುವಾರಕ್ಕ ಇನ್ನೂ ಎರಡು ದಿನ ಐತಿ. ನನ್ನ ಧೋತರ ಮುಟ್ಟಬ್ಯಾಡ.”

ಶನಿವಾರ ನಸುಕಿನಲ್ಲೇ ಎಲೀಷ ನೀರು ಕಾಯಿಸಿದ. ಅತ್ತ ಅಜ್ಜಾರು “ಯೇಸಪ್ಪಾ” ಅನ್ನುತ್ತ ಮೆಟ್ಟಿಲಿಳಿಯುವುದು ಕೇಳಿಸಿತು. ಹೋಗಿ ಕೈ ಹಿಡಿಯಲೇ ಅಂತ ಜೀವ ತುಡಿಯಿತು, ಆದರೂ ಅವನು ಹೋಗಲಿಲ್ಲ.

“ಇಷ್ಟು ದಿನ ಯಾಕ ಹೇಳಲಿಲ್ಲ ಅವ್ವಾ?” ಅಂತ ಚನ್ನವ್ವನನ್ನು ಕೇಳಿದ.

“ದೊಡ್ಡವರ ಕೆಲಸದ ಮುಂದ ನಂದೇನು ಬಿಡಪಾ,” ಅಂದಳು ಅವಳು. ಅವಳ ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಅದೇ ಅವನನ್ನು ಹೆಚ್ಚು ಸುಟ್ಟಿತು.

ಭಾನುವಾರ ಬಂತು. ಪಟ್ಟಣದಿಂದ ಚರ್ಚಿನ ಹಿರಿಯರೊಬ್ಬರು ಬಂದರು. ಬೆಟಗೇರಿಯಿಂದ ಎಲೀಷನ ತಾಯಿ ಸುಲೋಚನಮ್ಮ ಮೊದಲ ಬಸ್ಸಿಗೆ ಬಂದು, ಇಳಕಲ್ಲ ಸೀರೆಯುಟ್ಟು, ಎಲ್ಲರಿಗಿಂತ ಮುಂದಿನ ಚಾಪೆಯಲ್ಲಿ ಕುಳಿತಳು.

ಹಿರಿಯರದು ಖಡಕ್ ಮಾತು. “ಗಂಟಿ ಬಾರಿಸಿದ ಕೂಡ್ಲೆ ಶುರು. ಹೆಸರು ಕರದಾಗ ಎದುರಿಗೆ ಇರದವಗ ಈ ವರ್ಷ ದೀಕ್ಷಾ ಇಲ್ಲ. ಅಜ್ಜಾರು ಮೆತ್ತಗ ಇರಬಹುದು, ನಾವಲ್ಲ.”

ಎಲೀಷ ಬೆಳಗಿನ ಕೆಲಸ ಚೊಕ್ಕವಾಗಿ ಮುಗಿಸಿ, ಮಿಂದು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡ. ಐದೂ ಮುದುಕರ ಆಶೀರ್ವಾದ ಬೇಡಲು ಕೋಣೆಗೆ ಹೋದ. ಬಾಗಿಲಲ್ಲೇ ಅವನ ಮೂಗಿಗೆ ಸಂಗತಿ ತಿಳಿಯಿತು.

ಚನ್ನವ್ವ ಮುಖ ಆ ಕಡೆ ತಿರುಗಿಸಿ ಮಲಗಿದ್ದಳು.

ಚಪ್ಪರದಲ್ಲಿ ಗಂಟೆ ಬಾರಿಸಿದರು.

“ಹೋಗಪಾ,” ಅಂದಳು. “ನಿನ್ನ ಗಂಟಿ ಆತು. ನಾ ತಡೀತೀನಿ.”

ಅವಳು ತಡೆಯುತ್ತಾಳೆ. ಎಲೀಷನಿಗೆ ಗೊತ್ತು. ಹಾಡು, ದೀಕ್ಷೆ, ಪ್ರವಚನ, ಆಮೇಲೆ ಊಟ. ಮೂರು ತಾಸು ಇದರಲ್ಲೇ ಬಿದ್ದುಕೊಂಡು, ಮಲಗಿ ಮಲಗಿ ಆದ ಬೆನ್ನಿನ ಹುಣ್ಣು ಉರಿಯುತ್ತಿದ್ದರೂ ತಡೆಯುತ್ತಾಳೆ. ಒಂದು ವಾರ ತಡೆದವಳಿಗೆ ಇದು ಯಾವ ಲೆಕ್ಕ?

ಹಾಡು ಶುರುವಾಯಿತು. ಅದರಲ್ಲಿ ತಾಯಿಯ ದನಿ ಬೇರೆಯಾಗಿ ಕೇಳಿಸಿತು. ಎಲೀಷ ಹೊಸ್ತಿಲಲ್ಲಿ ನಿಂತ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ.

ಆಮೇಲೆ ಬಿಳಿ ಅಂಗಿಯ ತೋಳು ಮಡಿಚಿದ.

ನೀರು ಆರಿತ್ತು. ಒಲೆ ಹೊತ್ತಿಸಿ ಮತ್ತೆ ಕಾಯಿಸಿದ. ಹುಣ್ಣಿನ ಹತ್ತಿರ ಅರಿವೆಯನ್ನು ಒತ್ತದೆ, ಬರೀ ತಾಗಿಸಿ ತಾಗಿಸಿ ತೆಗೆದ. ಅವಸರ ಮಾಡಿದರೆ ಅವಳಿಗೆ ನೋಯುತ್ತದೆ, ಅದಕ್ಕೇ ಅವಸರ ಮಾಡಲಿಲ್ಲ. ಹೊರಗೆ ಹಾಡು ಮುಗಿಯಿತು. ತನ್ನ ಹೆಸರು ಕರೆದದ್ದು ಕೇಳಿಸಿತು. ಒಮ್ಮೆ. ಎರಡನೇ ಸಲ. ಮೂರನೇ ಸಲ.

ಹೋಯಿತು, ಶಲ್ಯ ಹೋಯಿತು. ಎಲೀಷನ ಕಣ್ಣಿಂದ ನೀರು ಇಳಿಯತೊಡಗಿತು. ಅವ್ವ ಮುಂದಿನ ಚಾಪೆಯಲ್ಲಿ ಕುಳಿತು ಏನಂದುಕೊಂಡಳೋ! ಕೈ ಮಾತ್ರ ನಿಲ್ಲಲಿಲ್ಲ. ಚಾದರದ ಸುಕ್ಕು ಎಳೆದು ಸರಿಮಾಡುತ್ತಲೇ ಇತ್ತು.

ಕಿಟಕಿಯ ಹೊರಗೆ ಬೂಟಿನ ಸಪ್ಪಳ. ಹಿರಿಯರ ದನಿ ಸಿಡಿಯಿತು. “ಇಲ್ಲಿದ್ದಾನಲ್ರೀ ಮಹಾನುಭಾವ! ದೇವರ ಆರಾಧನಿ ಬಿಟ್ಟು ಇಲ್ಲೇನು ಮಾಡಾಕತ್ತಾನ? ಯಾರರೆ ಹೋಗಿ ಕರೀರಿ ಅವನ್ನ!”

ಅವರ ಹಿಂದೆ ಕೋಲು ಊರಿಕೊಂಡು ಅಜ್ಜಾರು ಬಂದರು. ತೋಳಿನ ಮೇಲೆ ಮಡಿಚಿದ ಬಿಳಿ ಶಲ್ಯ ಇತ್ತು. ಕಿಟಕಿಯಿಂದ ಒಳಗೆ ಒಂದು ಸಲ ನೋಡಿದರು.

“ಮೆಲ್ಲಕ ಮಾತಾಡ್ರಿ. ಒಳಗ ಆರಾಧನಿ ನಡದೈತಿ. ಬೂಟು ಕಳಚಿ ಕುಂದರ್ರಿ.”