ಭಾವಯ್ಯ ಕಾವು ಕೂತ ಗುಂಡಿ

ಬಹಳ ಹಿಂದೆ, ನಮ್ಮಜ್ಜನ ಅಜ್ಜನಿಗೆ ಮೀಸೆ ಮೂಡುವುದಕ್ಕೂ ಮುಂಚೆ, ಒಂದು ಕುರಿಹಟ್ಟಿಯಲ್ಲಿ ಜಕ್ಕವ್ವ ಅಂತ ಒಬ್ಬಳಿದ್ದಳಂತೆ. ಹಟ್ಟಿಯವರೆಲ್ಲ ಕುರಿ ಸಾಕಿದರೆ ಇವಳು ಕೋಳಿ ಸಾಕುತ್ತಿದ್ದಳಂತೆ. ಮುನ್ನೂರು ಕೋಳಿ ಅಂತಾರೆ. ನಾನು ಮೂರು ಸಾವಿರ ಅಂತೀನಿ, ಎಣಿಸಿದವರು ಯಾರೂ ಉಳಿದಿಲ್ಲ.

ಒಂದು ವರ್ಷ ಮಿಡತೆ ಬಂದು ಹುಲ್ಲನ್ನೆಲ್ಲ ನೆಕ್ಕಿಕೊಂಡು ಹೋಯಿತಂತೆ. ತಾಯಿಕುರಿಗಳ ಕೆಚ್ಚಲು ಬತ್ತಿತು. ಜಕ್ಕವ್ವನ ಗಂಡನ ಅಣ್ಣ ಬೊಮ್ಮಲಿಂಗಪ್ಪನ ನಲವತ್ತು ಮರಿಗಳು ಏಳಲಾರದೆ ರೊಪ್ಪದಲ್ಲಿ ಮಲಗಿದವು. ಉಳಿದಿದ್ದು ಹಿಡಿಹಿಡಿ ಹಂಚಿದರೆ ಒಂದು ತಿಂಗಳಿಗಾಗುವಷ್ಟು ಹುರುಳಿ ಹೊಟ್ಟು.

ಹಿಂದೊಮ್ಮೆ ಜಕ್ಕವ್ವನ ಕೋಳಿಗೂಡಿಗೆ ನುಗ್ಗಿದ ಟಗರೊಂದು ಅಲ್ಲಿನ ಹಳೇ ಗುಪ್ಪೆ ಮೆದ್ದು ದುಂಡಗಾಗಿತ್ತಂತೆ. ನೆಲಕ್ಕೆ ಹಾಸಿದ ಕಡಲೆಕಾಯಿ ಸಿಪ್ಪೆ, ಹಿಕ್ಕೆ, ಚೆಲ್ಲಿದ ಕಾಳು, ಎಲ್ಲ ಕೂಡಿದ ಗುಪ್ಪೆ. ಅದನ್ನೇ ನೀರು ಚಿಮುಕಿಸಿ, ಗುಂಡಿಯಲ್ಲಿ ತುಳಿದು, ಮಣ್ಣು ಮೆತ್ತಿ ಮೂರು ವಾರ ಬಿಟ್ಟರೆ ಒಳಗೇ ಬೆಂದು ಮೇವಾಗುತ್ತೆ ಅಂದಳಂತೆ ಜಕ್ಕವ್ವ.

“ನನ್ನ ಮರಿಗೆ ಹಿಕ್ಕೆ ತಿನ್ನಿಸ್ತೀಯೇನವ್ವಾ?” ಅಂತ ಬೊಮ್ಮಲಿಂಗಪ್ಪ ಹಾರಾಡಿದನಂತೆ.

ಭಾವನ ಮುಖ ನೋಡಿ ಮಾತಾಡುವ ರೂಢಿ ಇಲ್ಲವಲ್ಲ, ಜಕ್ಕವ್ವ ಪಕ್ಕದ ಕೋಳಿಗೆ ಹೇಳಿದಳಂತೆ: “ಕೇಳೇ ಕೋಳಿ, ಕುರಿ ಹಿಕ್ಕೆ ಬಿದ್ದ ಹೊಲದ ರಾಗೀನೇ ನಮ್ಮ ಭಾವಯ್ಯ ಮುದ್ದೆ ಮಾಡಿ ನುಂಗೋದು.”

ಗುಂಡಿ ಮುಚ್ಚಿದರು. ಒಂಬತ್ತನೇ ದಿನ ಒಂದು ಮರಿ ಕಣ್ಣು ಬಿಡಲಾರದೆ ಬಿದ್ದಿದ್ದು ಕಂಡು ಬೊಮ್ಮಲಿಂಗಪ್ಪ ತಡೆಯಲಾರದೆ ಮಣ್ಣು ಒಡೆದನಂತೆ. ಬಿಸಿ ಹಬೆ ಎದ್ದು ಅರ್ಧ ಮೀಸೆ ಹೋಯಿತಂತೆ. ನಾತಕ್ಕೆ ಹಟ್ಟಿಯೇ ಖಾಲಿಯಾಯಿತಂತೆ.

“ಕೋಳಿ, ಗುಂಡಿಗೆ ಗಾಳಿ ಹೋಗಬಾರದಿತ್ತು ಕಣೇ. ಇನ್ನು ಮೊದಲಿಂದ ಮೂರು ವಾರ. ಮೇಲೊಂದು ಭಾರ ಬೇಕು.”

ಹೊಟ್ಟು ಉಳಿದಿದ್ದೂ ಮೂರೇ ವಾರಕ್ಕೆ. ಬೊಮ್ಮಲಿಂಗಪ್ಪ ತಾನೇ ಹೋಗಿ ಗುಂಡಿಯ ಮೇಲೆ ಕೂತನಂತೆ. ಉಂಡಿದ್ದು ಅಲ್ಲೇ, ಮಲಗಿದ್ದು ಅಲ್ಲೇ. ಹೋಗುವವರು ಬರುವವರು, “ಏನಣ್ಣಾ, ಎಷ್ಟು ಮರಿ ಮಾಡ್ತೀಯ?” ಅಂದರೂ ಹಲ್ಲು ಕಚ್ಚಿ ಕೂತನಂತೆ.

ತೆರೆದಾಗ ನಾತ ಇರಲಿಲ್ಲ, ಸುಟ್ಟ ಬೆಲ್ಲದ ಘಮ ಇತ್ತಂತೆ. ರಾಗಿ ಹಿಟ್ಟು ಬೆರೆಸಿ ಇಟ್ಟರು. ಮೊದಲ ದಿನ ಮರಿಗಳು ಮೂಸಿ ಸೀನಿದವು. ಎರಡನೇ ದಿನ ನೆಕ್ಕಿದವು. ವಾರದೊಳಗೆ ಎದ್ದು ಒಂದಕ್ಕೊಂದು ಡಿಕ್ಕಿ ಹೊಡೆದವು. ಮೂವತ್ತೆಂಟು ಎದ್ದವು ಅಂತಾರೆ ಕೆಲವರು. ಇಲ್ಲ, ನಲವತ್ತೂ ಎದ್ದವು. ನಾನು ಹೇಳುವಾಗ ಒಂದು ಮರಿಯೂ ಸಾಯುವುದಿಲ್ಲ.

ಬೊಮ್ಮಲಿಂಗಪ್ಪ ಅಳುತ್ತಲೇ ನಕ್ಕನಂತೆ. ತಮ್ಮನ ಹೆಂಡತಿಗೆ ಕೈ ಮುಗಿಯಲು ನಾಚಿ, ಅವಳ ಕೋಳಿಗೆ ಕೈ ಮುಗಿದನಂತೆ.

ಈಗಲೂ ಆ ಹಟ್ಟಿಯಲ್ಲಿ ಗುಂಡಿ ಮುಚ್ಚಿದರೆ ಮನೆಯ ಹಿರೀ ಗಂಡಸು ಅದರ ಮೇಲೆ ಕೂರಬೇಕು. ಹೆಂಗಸರು ಬಂದು, “ಕಾವು ಬಂತಾ?” ಅಂತ ಕೇಳುತ್ತಾರೆ. ಸಿಟ್ಟು ಮಾಡಬಾರದು. ಮಾಡಿದರೆ ದಿನ ಮತ್ತೆ ಒಂದರಿಂದ. ನಮ್ಮ ದೊಡ್ಡಪ್ಪ ಒಮ್ಮೆ ನಾಲ್ಕು ತಿಂಗಳು ಕೂತಿದ್ದ.