ಬಿದಿರು ಹೂ ಬಿಟ್ಟ ದಿನ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಗಿಡಮರಗಳು ಬೇಕಾದಷ್ಟಿದ್ದವು. ಯಾರು ಯಾರಿಗೆ ನೆಂಟರು ಅನ್ನೋದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಆಗ ಜರ್ಮನ್ ದೇಶದಿಂದ ಒಟಿಲಮ್ಮ ಎಂಬಾಕೆ ನಡೆದುಕೊಂಡು ಬಂದಳು. ಗಿಡಗಳ ಮನೆತನ ಹುಡುಕುವುದೇ ಅವಳ ಕೆಲಸ. ಅವಳಿಗಿಂತ ಮುಂಚೆ ಅದನ್ನು ಮಾಡಿದವರೇ ಇಲ್ಲ. ಕಂಕುಳಲ್ಲಿ ದಪ್ಪ ಪುಸ್ತಕ, ಕೈಯಲ್ಲಿ ಭೂತಗನ್ನಡಿ. ಹೂವನ್ನು ಬಿಡಿಸಿ ನೋಡುವಳು, ಹಾಳೆಗಳ ನಡುವೆ ಒತ್ತಿಡುವಳು, ಮನೆತನ ಬರೆಯುವಳು. ಗುಲಾಬಿಯೂ ಸೇಬೂ ಅಕ್ಕತಂಗಿ ಅಂದಳು. ಅವೆರಡೂ ತಮ್ಮ ಹೂಗಳನ್ನು ಪಕ್ಕಪಕ್ಕ ಹಿಡಿದು ನೋಡಿಕೊಂಡವು. ಹೌದಲ್ಲ!

ಕೊನೆಗೆ ಉಳಿದದ್ದು ಬಿದಿರು.

"ನನ್ನನ್ನು ತೇಗದ ಮನೆಗೆ ಸೇರಿಸು. ಇಷ್ಟೆತ್ತರ ಇದ್ದೀನಿ, ಕಾಣಲ್ವಾ?" ಎಂದಿತು ಬಿದಿರು.

"ಎತ್ತರ ನೋಡಿ ಬರೆಯೋದಿಲ್ಲಪ್ಪ. ಹೂ ತೋರಿಸು."

"ಹೂ ಬಿಡೋದು ಸಣ್ಣಪುಟ್ಟ ಗಿಡಗಳ ಕೆಲಸ. ನಾನು ಬಿಡೋದಿಲ್ಲ, ಹೋಗು!"

"ಬಿಟ್ಟೇ ಬಿಡ್ತೀಯ. ನಾನು ಕಾಯ್ತೀನಿ," ಎಂದಳು ಒಟಿಲಮ್ಮ. ಪುಸ್ತಕದ ಕೊನೆಯ ಹಾಳೆ ಖಾಲಿ ಉಳಿಯಿತು.

ಮರುವರ್ಷ ಬಂದು ಕೇಳಿದಳು, "ಬಿಟ್ಟೆಯಾ?" "ಇಲ್ಲ!" ಅದರ ಮರುವರ್ಷವೂ ಕೇಳಿದಳು, "ಬಿಟ್ಟೆಯಾ?" "ಇಲ್ಲ!" ಹೀಗೇ ನಲವತ್ತು ವರ್ಷ ಕಳೆಯಿತು. ಒಟಿಲಮ್ಮ ಒಟಿಲಜ್ಜಿಯಾದಳು.

"ಸಾಕು ಬಾರಜ್ಜಿ, ತೇಗದ ಮನೆ ಅಂತ ಗೀಚಿಬಿಡು," ಎಂದಿತು ಗಾಳಿ.

"ನೋಡದೇ ಬರೆಯೋದಾ? ಛೆ ಛೆ! ಅದು ಹೂ ಬಿಟ್ಟೇ ಬಿಡುತ್ತೆ, ನೋಡ್ತಿರು," ಎನ್ನುತ್ತಾ ಅಜ್ಜಿ ಭೂತಗನ್ನಡಿ ಒರೆಸಿದಳು. ಮತ್ತೆ ಒರೆಸಿದಳು. ಮಂಜು ಹೋಗಲಿಲ್ಲ. ಅದು ಗಾಜಿನ ಮೇಲಲ್ಲ, ಅವಳ ಕಣ್ಣಲ್ಲಿತ್ತು.

ಅದನ್ನು ಕಂಡ ಬಿದಿರು ಗಾಳಿಯನ್ನು ಹತ್ತಿರ ಕರೆಯಿತು.

"ಗಾಳಿಯಣ್ಣ, ಮುಂದಿನ ವರ್ಷ ಬಿಟ್ಟರೆ ಅಜ್ಜಿಗೆ ಕಾಣಲ್ಲ. ಗುಡ್ಡಗುಡ್ಡದಲ್ಲಿರೋ ನನ್ನವರಿಗೆಲ್ಲ ಹೇಳು, ಇವತ್ತೇ ಹೂ ಬಿಡಿ ಅಂತ. ಅವಳು ಎತ್ತ ತಿರುಗಿದರೂ ಹೂ ಇರಬೇಕು."

"ನಲವತ್ತು ವರ್ಷ ಕೂಡಿಟ್ಟ ಶಕ್ತಿಯೆಲ್ಲ ಮುಗಿದುಹೋಗುತ್ತೆ ಕಣೋ. ಒಣಗಿಹೋಗ್ತೀಯ!"

"ಹೋಗಲಿ ಬಿಡು. ಎಂಥಾ ಹಠ ಮಾಡಿಬಿಟ್ಟೆ ನಾನು!"

ಗಾಳಿ ಓಡಿತು. ಗುಡ್ಡಕ್ಕೆ ಗುಡ್ಡವೇ ಹೂ ಬಿಟ್ಟಿತು. ಅಜ್ಜಿ ಒಂದು ಗೊಂಚಲನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು, ಬೆರಳಲ್ಲಿ ಬಿಡಿಸಿದಳು. ಆಮೇಲೆ ನಗು ತಡೆಯಲಾರದೆ ಅಲ್ಲೇ ಕುಳಿತುಬಿಟ್ಟಳು.

"ಅಯ್ಯೋ ನನ್ನ ರಾಜಾ! ನೀನು ಮರವೇ ಅಲ್ಲ ಕಣೋ, ಹುಲ್ಲು! ಭತ್ತ, ರಾಗಿ, ಗರಿಕೆ ಎಲ್ಲಾ ನಿನ್ನ ಒಡಹುಟ್ಟಿದವರು!"

ಬಿದಿರು ಮೊದಲ ಸಲ ತಲೆ ಬಗ್ಗಿಸಿ ಕೆಳಗೆ ನೋಡಿತು. "ಅಣ್ಣಾ!" ಎಂದು ಕೂಗಿತು ಗರಿಕೆ. "ಅಣ್ಣಾ!" ಎಂದಿತು ಗದ್ದೆಯ ಭತ್ತ.

"ಇಷ್ಟೊಂದು ಜನಾನಾ ನನಗೆ?" ಎಂದಿತು ಬಿದಿರು. ಅದಕ್ಕೆ ಆದ ಖುಷಿ ಅಷ್ಟಿಷ್ಟಲ್ಲ. ಅಜ್ಜಿ ಕೊನೆಯ ಹಾಳೆ ಬರೆದು ಮುಗಿಸಿದಳು. ಬಿದಿರು ತನ್ನ ಬೀಜವನ್ನೆಲ್ಲ ಗರಿಕೆಯ ಮಡಿಲಿಗೆ ಸುರಿದು ನೆಮ್ಮದಿಯಾಗಿ ಒಣಗಿತು.

ಅದಕ್ಕೇ ಮಗು, ಇವತ್ತಿಗೂ ಬಿದಿರು ಎಷ್ಟೋ ವರ್ಷ ಸುಮ್ಮನಿದ್ದು, ಒಮ್ಮೆಲೇ ಗುಡ್ಡದ ತುಂಬ ಹೂ ಬಿಟ್ಟು ಒಣಗುತ್ತದೆ. ಅದರ ಬುಡದಲ್ಲಿ ಏಳುವ ಮರಿಬಿದಿರು ಹುಲ್ಲಿನ ನಡುವೆ ಹುಲ್ಲಾಗಿಯೇ ನಿಂತಿರುತ್ತದೆ.